ಒಳಮದುವೆಯ ಸಮುದಾಯಗಳಲ್ಲಿ ಜೀನೋಮ್‌ನಿಂದ ರಕ್ತಸಂಬಂಧವನ್ನು ಅಂದಾಜಿಸುವುದು: ಹಂತ ಹಂತದ ಮಾರ್ಗದರ್ಶಿ

ಜೀನೋಮ್ ಆಧಾರಿತ ಯಾವುದೇ ಅಧ್ಯಯನದಲ್ಲಿ, ಮಾದರಿ ಕೊಟ್ಟವರಲ್ಲಿ ಯಾರಿಗೆ ಯಾರು ಸಂಬಂಧಿಕರು ಎಂಬುದನ್ನು ವಿಶ್ಲೇಷಣೆಗೆ ಮೊದಲೇ ತಿಳಿದುಕೊಳ್ಳಬೇಕು. ನೋಂದಣಿ ಪತ್ರದಲ್ಲಿ ಬರೆದ ಸಂಬಂಧವನ್ನಷ್ಟೇ ನಂಬಿದರೆ ಸಾಲದು. ಒಂದೇ ತಾಲ್ಲೂಕಿನಿಂದ ಬಂದ ಇಬ್ಬರಿಗೆ ತಮ್ಮ ಅಜ್ಜಂದಿರು ಒಡಹುಟ್ಟಿದವರೆಂಬುದು ಗೊತ್ತಿಲ್ಲದಿರಬಹುದು, ಒಬ್ಬರದೇ ಮಾದರಿ ಎರಡು ಸಂಖ್ಯೆಗಳಡಿ ಸೇರಿಕೊಂಡಿರಲೂಬಹುದು. ಸಂಬಂಧಿಕರನ್ನು ಪರಸ್ಪರ ಸ್ವತಂತ್ರರೆಂದು ಎಣಿಸಿದರೆ ಅಂದಾಜಿನ ಅನಿಶ್ಚಿತತೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ, ಇಲ್ಲದ ರೋಗ–ಜೀನ್ ನಂಟು ಇದ್ದಂತೆ ತೋರುತ್ತದೆ.

ಜನರೆಲ್ಲ ಮುಕ್ತವಾಗಿ ಬೆರೆತು ಮದುವೆಯಾಗುವ ಸಮೂಹದಲ್ಲಿ ಈ ಲೆಕ್ಕ ಸುಲಭ. ನಮ್ಮಲ್ಲಿ ಹಾಗಿಲ್ಲ. ಜಾತಿ, ಉಪಜಾತಿಗಳೊಳಗೇ ಮದುವೆಗಳು ಶತಮಾನಗಳಿಂದ ನಡೆದು ಬಂದಿವೆ. ಅದರ ಮೇಲೆ, ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಸೋದರಮಾವನೊಂದಿಗೆ, ಅತ್ತೆಯ ಅಥವಾ ಮಾವನ ಮಕ್ಕಳೊಂದಿಗೆ ಮದುವೆಯಾಗುವ ರೂಢಿಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚಿನವರು ರಕ್ತಸಂಬಂಧದಲ್ಲೇ ಮದುವೆಯಾದವರು. ಹೀಗಾಗಿ ನಮ್ಮ ದತ್ತಾಂಶದಲ್ಲಿ ಎರಡು ಪದರಗಳ ಬಂಧುತ್ವ ಒಂದರ ಮೇಲೊಂದು ಕುಳಿತಿರುತ್ತದೆ: ಸಮುದಾಯದ ಹಳೆಯ ಪೂರ್ವಜರಿಂದ ಎಲ್ಲರಿಗೂ ಬಂದದ್ದು ಒಂದು, ಇತ್ತೀಚಿನ ಮೂರು–ನಾಲ್ಕು ತಲೆಮಾರುಗಳ ಕೌಟುಂಬಿಕ ನಂಟು ಇನ್ನೊಂದು. ಇವೆರಡನ್ನೂ ಬೇರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಓದುಗರ ಬಳಿ ಕೆಲವು ನೂರು ಅಥವಾ ಸಾವಿರ ಜನರ, ಕೆಲವು ಲಕ್ಷ ಎಸ್‌ಎನ್‌ಪಿ ಮಾರ್ಕರ್‌ಗಳ (ಜನರ ನಡುವೆ ಡಿಎನ್‌ಎಯ ಒಂದು ಅಕ್ಷರ ಭಿನ್ನವಾಗಿರುವ ಜಾಗಗಳ) ದತ್ತಾಂಶವಿದೆ, ಪ್ಲಿಂಕ್ ಮತ್ತು ಆರ್ ತಂತ್ರಾಂಶಗಳ ಬಳಕೆ ಗೊತ್ತಿದೆ ಎಂದು ಭಾವಿಸಿದ್ದೇನೆ.

ಅಳೆಯುತ್ತಿರುವುದು ಏನನ್ನು?

ಇಬ್ಬರು ವ್ಯಕ್ತಿಗಳ ಜೀನೋಮ್‌ನ ಒಂದೇ ಜಾಗದಿಂದ ತಲಾ ಒಂದು ಆಲೀಲನ್ನು, ಅಂದರೆ ತಂದೆ ಮತ್ತು ತಾಯಿಯಿಂದ ಒಂದೊಂದಾಗಿ ಬಂದ ಡಿಎನ್‌ಎ ರೂಪಗಳಲ್ಲಿ ಒಂದನ್ನು, ಕಣ್ಣುಮುಚ್ಚಿ ಆರಿಸಿದರೆ, ಆ ಎರಡೂ ಒಬ್ಬನೇ ಪೂರ್ವಜನ ಒಂದೇ ಆಲೀಲಿನ ಪ್ರತಿಗಳಾಗಿರುವ ಸಂಭವನೀಯತೆಗೆ ಬಂಧುತ್ವ ಗುಣಾಂಕ ಎಂದು ಹೆಸರು. 1948ರಲ್ಲಿ ಫ್ರೆಂಚ್ ಗಣಿತಜ್ಞ ಗುಸ್ತಾವ್ ಮಲೆಕೋ ಇದಕ್ಕೆ ಈ ಸಂಭವನೀಯತೆಯ ರೂಪ ಕೊಟ್ಟರು. ತದ್ರೂಪಿ ಅವಳಿಗಳಿಗೆ ಇದು 0.5, ತಂದೆತಾಯಿ–ಮಗು ಮತ್ತು ಒಡಹುಟ್ಟಿದವರಿಗೆ 0.25, ಅಜ್ಜ–ಮೊಮ್ಮಗು, ಸೋದರಮಾವ–ಸೋದರಸೊಸೆ, ತಂದೆ ಅಥವಾ ತಾಯಿ ಮಾತ್ರ ಸಮಾನವಾಗಿರುವ ಮಲಸಹೋದರರಿಗೆ 0.125, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳ ನಡುವೆ 0.0625. ಕೆಲವು ತಂತ್ರಾಂಶಗಳು ಇದರ ಎರಡರಷ್ಟನ್ನು ಕೊಡುತ್ತವೆ. ಪ್ಲಿಂಕ್‌ನ ಹಳೆಯ ಆವೃತ್ತಿಯ ಪೈ-ಹ್ಯಾಟ್ ಮತ್ತು ಜಿಸಿಟಿಎಯ ಬಂಧುತ್ವ ಕೋಷ್ಟಕ ಆ ಬಗೆಯವು. ಅವುಗಳಲ್ಲಿ ಒಡಹುಟ್ಟಿದವರ ಬೆಲೆ 0.5ರ ಸುತ್ತ ಇರುತ್ತದೆ. ಎರಡು ತಂತ್ರಾಂಶಗಳ ಫಲಿತಾಂಶವನ್ನು ಹೋಲಿಸುವ ಮೊದಲು ಅಳತೆಪಟ್ಟಿ ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೇಲಿನ ವ್ಯಾಖ್ಯೆಯಲ್ಲಿ ಒಂದು ತೊಡಕು ಅಡಗಿದೆ. ಎಷ್ಟು ಹಿಂದಿನ ಪೂರ್ವಜ ಎಂದು ಅದು ಹೇಳುವುದಿಲ್ಲ. ಸಾಕಷ್ಟು ಹಿಂದೆ ಹೋದರೆ ಎಲ್ಲರೂ ಸಂಬಂಧಿಕರೇ. ಆದ್ದರಿಂದ ಯಾವುದೇ ಅಂದಾಜು ಒಂದು ಆಧಾರ ಸಮೂಹಕ್ಕೆ ಸಾಪೇಕ್ಷವಾದದ್ದು, ಆ ಸಮೂಹದ ಸರಾಸರಿ ಜೋಡಿಯನ್ನು ಸೊನ್ನೆ ಎಂದು ಹಿಡಿದು ಉಳಿದದ್ದನ್ನು ಅಳೆಯಲಾಗುತ್ತದೆ. ಆಧಾರ ಬದಲಾದರೆ ಅದೇ ಇಬ್ಬರ ನಡುವಿನ ಬೆಲೆಯೂ ಬದಲಾಗುತ್ತದೆ. ಇಡೀ ಮಾದರಿಯೇ ಆಧಾರವೇ, ಒಂದು ಜಿಲ್ಲೆಯೇ, ಒಂದು ಉಪಜಾತಿಯೇ ಎಂಬುದನ್ನು ಕಂಪ್ಯೂಟರ್ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸರಳ ಸೂತ್ರ ಎಡವುವುದೆಲ್ಲಿ?

ಸರಳ ಸೂತ್ರ ಹೀಗೆ: ಒಂದು ಆಲೀಲಿನ ಪ್ರತಿಗಳ ಸಂಖ್ಯೆ ಇಬ್ಬರಲ್ಲೂ ಒಟ್ಟು ಸರಾಸರಿಯಿಂದ ಎಷ್ಟು ವಿಚಲಿಸಿದೆ ಎಂದು ನೋಡಿ, ಆ ಎರಡು ವಿಚಲನೆಗಳ ಗುಣಲಬ್ಧವನ್ನು, ಆ ಆಲೀಲಿನ ಪ್ರಮಾಣ ಮತ್ತು ಉಳಿದ ಪ್ರಮಾಣದ ಗುಣಲಬ್ಧದ ನಾಲ್ಕರಷ್ಟರಿಂದ ಭಾಗಿಸುವುದು. ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ನಿಮ್ಮ ಮಾದರಿಯಲ್ಲಿ ಸಮಸಂಖ್ಯೆಯ ಎರಡು ಸಮುದಾಯಗಳಿವೆ, ಒಂದು ಆಲೀಲಿನ ಪ್ರಮಾಣ ಮೊದಲನೆಯದರಲ್ಲಿ 0.6, ಎರಡನೆಯದರಲ್ಲಿ 0.4 ಎಂದಿಟ್ಟುಕೊಳ್ಳಿ. ಎಲ್ಲರನ್ನೂ ಒಟ್ಟುಗೂಡಿಸಿದರೆ ಪ್ರಮಾಣ 0.5, ಅಂದರೆ ಪ್ರತಿಯೊಬ್ಬರಲ್ಲಿ ಸರಾಸರಿ ಒಂದು ಪ್ರತಿ ಇರಬೇಕೆಂಬ ನಿರೀಕ್ಷೆ. ಆದರೆ ಮೊದಲ ಸಮುದಾಯದವರಲ್ಲಿ ಸರಾಸರಿ 1.2 ಪ್ರತಿಗಳಿವೆ. ಆ ಸಮುದಾಯದ ಇಬ್ಬರು ಅಪರಿಚಿತರನ್ನು ತೆಗೆದುಕೊಂಡರೆ ಇಬ್ಬರೂ ಒಟ್ಟು ಸರಾಸರಿಗಿಂತ 0.2ರಷ್ಟು ಮೇಲಿರುತ್ತಾರೆ; ಆ ವಿಚಲನೆಗಳ ಗುಣಲಬ್ಧ 0.04. ಸೂತ್ರದ ಛೇದ, ಅಂದರೆ 0.5 ಮತ್ತು 0.5ರ ಗುಣಲಬ್ಧದ ನಾಲ್ಕರಷ್ಟು, ಇಲ್ಲಿ ಸರಿಯಾಗಿ 1. ಹಾಗಾಗಿ ಯಾವ ಕೌಟುಂಬಿಕ ನಂಟೂ ಇಲ್ಲದ ಇಬ್ಬರ ಬಂಧುತ್ವ 0.04 ಎಂದು ಬರುತ್ತದೆ. ಬೇರೆ ಬೇರೆ ಸಮುದಾಯದ ಇಬ್ಬರಿಗೆ ಅದೇ ಸೂತ್ರ −0.04 ಕೊಡುತ್ತದೆ.

ಮೊದಲ ಸಮುದಾಯದೊಳಗಿನ ಒಡಹುಟ್ಟಿದವರಿಗೆ 0.25ರ ಬದಲು 0.28 ಬರುತ್ತದೆ, ಅದು ಅಷ್ಟೇನೂ ಹಾನಿ ಮಾಡದು. ಹಾನಿ ಇರುವುದು ದೂರದ ನಂಟುಗಳಲ್ಲಿ. ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳ ಬೆಲೆ 0.0625ರ ಬದಲು 0.10 ಆಗಿ, ಅವರು ಅಜ್ಜ–ಮೊಮ್ಮಗುವಿನ ವರ್ಗಕ್ಕೆ ಜಿಗಿದುಬಿಡುತ್ತಾರೆ. ಎಲ್ಲ ಮಾರ್ಕರ್‌ಗಳಲ್ಲೂ ವ್ಯತ್ಯಾಸ ಇಷ್ಟು ದೊಡ್ಡದಿರುವುದಿಲ್ಲ, ನಿಜ. ಆದರೆ ಮಾರ್ಕರ್‌ಗಳ ಸಂಖ್ಯೆ ಹೆಚ್ಚಿಸಿದರೆ ಈ ತಪ್ಪು ತಗ್ಗುತ್ತದೆ ಎಂದು ಭಾವಿಸಬೇಡಿ. ಇದು ಆಕಸ್ಮಿಕ ಏರಿಳಿತವಲ್ಲ, ಒಂದೇ ದಿಕ್ಕಿಗೆ ವಾಲುವ ದೋಷ. ಹೆಚ್ಚು ಮಾರ್ಕರ್ ಸೇರಿಸಿದಷ್ಟೂ ತಪ್ಪು ಉತ್ತರದ ಮೇಲೆ ಭರವಸೆ ಹೆಚ್ಚುತ್ತದೆ, ಅಷ್ಟೆ.

ಹಂತ 1: ದತ್ತಾಂಶದ ಶುದ್ಧೀಕರಣ

ಲಿಂಗ ವರ್ಣತಂತುಗಳನ್ನು ಬದಿಗಿಟ್ಟು ಉಳಿದ 22 ಜೊತೆಗಳನ್ನು ಮಾತ್ರ ಬಳಸಿ. ಹೆಚ್ಚು ಖಾಲಿ ಜಾಗಗಳಿರುವ ಮಾರ್ಕರ್‌ಗಳನ್ನೂ ವ್ಯಕ್ತಿಗಳನ್ನೂ ತೆಗೆಯಿರಿ. ಇದೆಲ್ಲ ಮಾಮೂಲಿ. ಎಚ್ಚರ ಬೇಕಾಗುವುದು ಹಾರ್ಡಿ–ವೈನ್‌ಬರ್ಗ್ ಪರೀಕ್ಷೆಯಲ್ಲಿ, ಅಂದರೆ ಆಲೀಲ್ ಜೋಡಿಗಳು ಆಲೀಲ್ ಪ್ರಮಾಣದಿಂದ ನಿರೀಕ್ಷಿಸಿದಷ್ಟೇ ಇವೆಯೇ ಎಂಬ ತಪಾಸಣೆಯಲ್ಲಿ. ಹಲವು ಸಮುದಾಯಗಳನ್ನು ಒಂದೇ ರಾಶಿಯಾಗಿ ಹಿಡಿದಾಗ, ಎರಡು ಭಿನ್ನ ಆಲೀಲ್‌ಗಳಿರುವ ಹೆಟೆರೋಜೈಗಸ್ ವ್ಯಕ್ತಿಗಳು ನಿರೀಕ್ಷೆಗಿಂತ ಕಡಿಮೆಯಾಗುವುದು ಸಹಜ. ಮೇಲಿನ ಉದಾಹರಣೆಯಲ್ಲೇ ನಿರೀಕ್ಷೆ 0.50, ಕಾಣುವುದು 0.48. ಕಠಿಣವಾದ ಮಿತಿ ಇಟ್ಟು ಸೋಸಿದರೆ ಸಮುದಾಯಗಳನ್ನು ಗುರುತಿಸಲು ನೆರವಾಗುವ ಮಾರ್ಕರ್‌ಗಳನ್ನೇ ಹೊರಗೆ ಎಸೆದಂತಾಗುತ್ತದೆ. ಪ್ರಯೋಗಾಲಯದ ದೋಷಗಳನ್ನು ಹಿಡಿಯುವಷ್ಟು ಸಡಿಲ ಮಿತಿ ಸಾಕು, ಅಥವಾ ಪ್ರತಿ ಸಮುದಾಯದೊಳಗೆ ಪ್ರತ್ಯೇಕವಾಗಿ ಪರೀಕ್ಷಿಸಿ.

ದತ್ತಾಂಶದ ಎರಡು ಪ್ರತಿಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ಶುದ್ಧೀಕರಣ ದಾಟಿದ ಎಲ್ಲ ಮಾರ್ಕರ್‌ಗಳೂ ಇರಲಿ. ಹಂತ 2ರಲ್ಲಿ ಬರುವ, ಬಂಧುತ್ವ ಅಂದಾಜಿಸುವ ಕಿಂಗ್ ವಿಧಾನಕ್ಕೆ ಅದು ಬೇಕು, ಅದರ ಕೈಪಿಡಿಯೇ ಒಳ್ಳೆಯ ಮಾರ್ಕರ್‌ಗಳನ್ನು ಕತ್ತರಿಸಬೇಡಿ ಎನ್ನುತ್ತದೆ. ಇನ್ನೊಂದರಲ್ಲಿ ಅಕ್ಕಪಕ್ಕ ಒಟ್ಟಿಗೇ ಸಾಗಿಬರುವ ಮಾರ್ಕರ್‌ಗಳನ್ನು ವಿರಳಗೊಳಿಸಿ, 6ನೆಯ ವರ್ಣತಂತುವಿನ ಎಚ್‌ಎಲ್‌ಎ (ರೋಗನಿರೋಧಕ ಜೀನ್‌ಗಳ) ಪ್ರದೇಶ ಮತ್ತು 8ನೆಯ ವರ್ಣತಂತುವಿನ ದೊಡ್ಡ ತಿರುವು (ಡಿಎನ್‌ಎ ತುಣುಕು ತಲೆಕೆಳಗಾಗಿ ಕೂತಿರುವ) ಪ್ರದೇಶದಂಥ ಭಾಗಗಳನ್ನು ತೆಗೆದುಹಾಕಿ. ಇದು ಪ್ರಧಾನ ಘಟಕ ವಿಶ್ಲೇಷಣೆಗೆ, ಅಂದರೆ ಪಿಸಿಎಗೆ; ಅದು ಎಲ್ಲ ಮಾರ್ಕರ್‌ಗಳ ವ್ಯತ್ಯಾಸವನ್ನು ಕೆಲವೇ ಅಕ್ಷಗಳಿಗೆ ಇಳಿಸಿ ಜನರನ್ನು ಅವುಗಳ ಮೇಲೆ ಇರಿಸುತ್ತದೆ.

ಹಂತ 2: ಕಿಂಗ್ ವಿಧಾನದಿಂದ ಮೊದಲ ನೋಟ

2010ರಲ್ಲಿ ಪ್ರಕಟವಾದ ಕಿಂಗ್-ರೋಬಸ್ಟ್ ವಿಧಾನದ ಜಾಣತನವೆಂದರೆ ಅದು ಸಮೂಹದ ಆಲೀಲ್ ಪ್ರಮಾಣವನ್ನು ಕೇಳುವುದೇ ಇಲ್ಲ. ಇಬ್ಬರ ದತ್ತಾಂಶದಿಂದ ಮಾತ್ರ ಎಣಿಕೆ ಮಾಡುತ್ತದೆ: ಇಬ್ಬರೂ ಹೆಟೆರೋಜೈಗಸ್ ಆಗಿರುವ ಜಾಗಗಳೆಷ್ಟು, ಒಬ್ಬರಲ್ಲಿ ಒಂದು ಆಲೀಲಿನ ಎರಡು ಪ್ರತಿ ಇದ್ದು ಇನ್ನೊಬ್ಬರಲ್ಲಿ ಅದರ ಒಂದೂ ಪ್ರತಿ ಇಲ್ಲದ ತದ್ವಿರುದ್ಧ ಜಾಗಗಳೆಷ್ಟು. ಪ್ಲಿಂಕ್ 2ರಲ್ಲಿ ಇದು ಒಳಗೊಂಡಿದೆ, ಸಾವಿರಾರು ಜನರ ಎಲ್ಲ ಜೋಡಿಗಳನ್ನೂ ಬೇಗ ಮುಗಿಸುತ್ತದೆ. ಬೆಲೆ 0.354ಕ್ಕಿಂತ ಹೆಚ್ಚಿದ್ದರೆ ಒಂದೇ ವ್ಯಕ್ತಿಯ ಎರಡು ಮಾದರಿ ಅಥವಾ ತದ್ರೂಪಿ ಅವಳಿ, 0.177ರಿಂದ 0.354ರವರೆಗೆ ಮೊದಲ ಹಂತದ ನಂಟು (ತಂದೆತಾಯಿ–ಮಗು, ಒಡಹುಟ್ಟಿದವರು), 0.0884ರಿಂದ 0.177ರವರೆಗೆ ಎರಡನೆಯ ಹಂತ (ಅಜ್ಜ–ಮೊಮ್ಮಗು, ಮಲಸಹೋದರರಂಥವರು), 0.0442ರಿಂದ 0.0884ರವರೆಗೆ ಮೂರನೆಯ ಹಂತ (ಅಣ್ಣತಮ್ಮಂದಿರ ಮಕ್ಕಳಂಥವರು).

ಮೊದಲ ಹಂತದೊಳಗೆ ತಂದೆತಾಯಿ–ಮಗುವನ್ನು ಒಡಹುಟ್ಟಿದವರಿಂದ ಬೇರ್ಪಡಿಸಲು ತದ್ವಿರುದ್ಧ ಜಾಗಗಳ ಪಾಲನ್ನು ನೋಡಿ. ಮಗುವಿಗೆ ಪ್ರತಿ ಜಾಗದಲ್ಲೂ ತಾಯಿಯಿಂದ ಒಂದು ಆಲೀಲ್ ಬಂದೇ ಬರುವುದರಿಂದ ಆ ಪಾಲು ಬಹುತೇಕ ಸೊನ್ನೆ, ಉಳಿದ ಅಲ್ಪಸ್ವಲ್ಪ ಓದುವಿಕೆಯ ದೋಷ. ಒಡಹುಟ್ಟಿದವರಲ್ಲಿ ಅದು ಸ್ಪಷ್ಟವಾಗಿ ಸೊನ್ನೆಗಿಂತ ಮೇಲಿರುತ್ತದೆ. ಬಂಧುತ್ವವನ್ನು ಒಂದು ಅಕ್ಷದಲ್ಲೂ ಈ ಪಾಲನ್ನು ಇನ್ನೊಂದರಲ್ಲೂ ಇಟ್ಟು ಚಿತ್ರ ಬರೆದರೆ ಎರಡು ಗುಂಪುಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ.

ಈ ವಿಧಾನಕ್ಕೂ ಮಿತಿಗಳಿವೆ, ಮತ್ತು ಅವು ನಮ್ಮ ದತ್ತಾಂಶದಲ್ಲೇ ಹೆಚ್ಚಾಗಿ ಎದುರಾಗುತ್ತವೆ. ಹಿಂದಿನ ಉದಾಹರಣೆಯ ಎರಡು ಸಮುದಾಯಗಳಿಂದ ಒಬ್ಬೊಬ್ಬರನ್ನು ತೆಗೆದರೆ ಕಿಂಗ್ ಸುಮಾರು −0.083 ಕೊಡುತ್ತದೆ. ಬೇರೆ ಸಮುದಾಯಗಳ ಗಂಡಹೆಂಡಿರ ಮಗುವನ್ನು ಅದರ ತಂದೆಯೊಂದಿಗೆ ಹೋಲಿಸಿದರೆ 0.25ರ ಬದಲು 0.229 ಬರುತ್ತದೆ. ಮಿಶ್ರ ಮೂಲದವರ ನಡುವಿನ ಎರಡನೆಯ, ಮೂರನೆಯ ಹಂತದ ನಂಟುಗಳು ಇದೇ ಕಾರಣಕ್ಕೆ ಗೆರೆಯ ಕೆಳಗೆ ಜಾರಿ ಕಣ್ಣಿಗೆ ಬೀಳದೆ ಹೋಗುತ್ತವೆ.

ಸೋದರಮಾವನನ್ನು ಮದುವೆಯಾದ ಹೆಣ್ಣುಮಗಳ ಮಕ್ಕಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಗಂಡಹೆಂಡಿರ ನಡುವಿನ ಬಂಧುತ್ವ 0.125 ಆದ್ದರಿಂದ ಮಕ್ಕಳ ಒಳಸಂತಾನ ಗುಣಾಂಕವೂ, ಅಂದರೆ ಒಂದು ಜಾಗದಲ್ಲಿ ಮಗುವಿನ ಎರಡೂ ಆಲೀಲುಗಳು ಒಬ್ಬನೇ ಪೂರ್ವಜನ ಒಂದೇ ಆಲೀಲಿನ ಪ್ರತಿಗಳಾಗಿರುವ ಸಂಭವನೀಯತೆಯೂ, 0.125. ತಾಯಿ–ಮಗುವಿನ ನಿಜವಾದ ಬಂಧುತ್ವ 0.25 ಅಲ್ಲ, 0.3125, ಆ ಮಕ್ಕಳು ಪರಸ್ಪರ ಒಡಹುಟ್ಟಿದವರಾಗಿಯೂ 0.3125. ಕಿಂಗ್ ಮಾತ್ರ ತಾಯಿ–ಮಗುವಿಗೆ 0.25 ಎನ್ನುತ್ತದೆ, ಏಕೆಂದರೆ ಮಗುವಿನಲ್ಲಿ ಹೆಟೆರೋಜೈಗಸ್ ಜಾಗಗಳು ಕಡಿಮೆಯಾದಷ್ಟೇ ಅನುಪಾತದಲ್ಲಿ ತಾಯಿ–ಮಗುವಿನ ವ್ಯತ್ಯಾಸವೂ ಕಡಿಮೆಯಾಗಿ, ಎರಡೂ ಹೊಡೆದುಹೋಗುತ್ತವೆ. ಆ ಒಡಹುಟ್ಟಿದವರಿಬ್ಬರಿಗೆ ಅದು ಸುಮಾರು 0.214 ಕೊಡುತ್ತದೆ. ಇಂಥ ಎರಡು ಬೇರೆ ಬೇರೆ ಮನೆಗಳ ಮಕ್ಕಳನ್ನು ಹೋಲಿಸಿದರೆ, ಅವರು ಒಂದೇ ಸಮುದಾಯದವರಾಗಿದ್ದರೂ −0.14ರಷ್ಟು ಋಣ ಬೆಲೆ ಬರುತ್ತದೆ. ಋಣ ಬೆಲೆ ಕಂಡ ಕೂಡಲೇ ಭಿನ್ನ ಮೂಲದವರೆಂದು ತೀರ್ಮಾನಿಸುವವರು ಇಲ್ಲಿ ಮೋಸಹೋಗುತ್ತಾರೆ. ಪ್ರತಿ ವ್ಯಕ್ತಿಯ ಜೀನೋಮ್‌ನಲ್ಲಿ ಎರಡೂ ಪ್ರತಿಗಳು ಉದ್ದಕ್ಕೆ ಒಂದೇ ಆಗಿರುವ ತುಣುಕುಗಳನ್ನು ಎಣಿಸಿ ಪಕ್ಕದಲ್ಲಿಟ್ಟುಕೊಂಡರೆ ಈ ಗೊಂದಲ ತಕ್ಷಣ ಬಗೆಹರಿಯುತ್ತದೆ.

ಹಂತ 3: ಮೂಲವನ್ನು ಬೇರ್ಪಡಿಸುವುದು

ಈಗ ಸಮುದಾಯಗಳ ರಚನೆಯನ್ನು ಪಿಸಿಎ ಮೂಲಕ ಕಂಡುಕೊಳ್ಳಬೇಕು. ಎಲ್ಲರನ್ನೂ ಸೇರಿಸಿ ನೇರವಾಗಿ ಪಿಸಿಎ ಮಾಡಿದರೆ ಒಂದು ದೊಡ್ಡ ಕುಟುಂಬವೇ ಒಂದು ಅಕ್ಷವನ್ನು ಆಕ್ರಮಿಸಿಕೊಳ್ಳುತ್ತದೆ. 2015ರ ಪಿಸಿ-ಏರ್ ವಿಧಾನ ಇದಕ್ಕೆ ಪರಿಹಾರ: ಕಿಂಗ್ ಬೆಲೆಗಳನ್ನು ಬಳಸಿ, ಪರಸ್ಪರ ಸಂಬಂಧವಿಲ್ಲದ ಆದರೆ ಎಲ್ಲ ಮೂಲಗಳನ್ನೂ ಪ್ರತಿನಿಧಿಸುವ ಉಪಗುಂಪನ್ನು ಆರಿಸಿ, ಅವರ ಮೇಲೆ ಅಕ್ಷಗಳನ್ನು ಕಟ್ಟಿ, ಉಳಿದವರನ್ನು ಅದೇ ಅಕ್ಷಗಳ ಮೇಲೆ ಇರಿಸುತ್ತದೆ. ಹೆಚ್ಚು ಋಣ ಬೆಲೆ ಇರುವವರು ಭಿನ್ನ ಮೂಲದವರೆಂದು ಅದು ಭಾವಿಸುವುದರಿಂದ, ಒಳಸಂತಾನ ಹೆಚ್ಚಿರುವವರು ಅನಗತ್ಯವಾಗಿ ಈ ಉಪಗುಂಪಿಗೆ ಸೇರಿಕೊಂಡಿದ್ದಾರೆಯೇ ಎಂದು ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ.

ಎಷ್ಟು ಅಕ್ಷಗಳನ್ನು ಇಟ್ಟುಕೊಳ್ಳಬೇಕೆಂಬುದಕ್ಕೆ ಯಂತ್ರ ಕೊಡುವ ಉತ್ತರಕ್ಕಿಂತ ಚಿತ್ರ ಕೊಡುವ ಉತ್ತರವನ್ನು ನಾನು ಹೆಚ್ಚು ನಂಬುತ್ತೇನೆ. ಪ್ರತಿ ಅಕ್ಷದ ಮೇಲೆ ಜನರನ್ನು ಇರಿಸಿ, ಸಮುದಾಯ ಮತ್ತು ಜಿಲ್ಲೆಯ ಬಣ್ಣ ಕೊಟ್ಟು ನೋಡಿ. ಅಕ್ಷವೊಂದು ಸಮುದಾಯಗಳನ್ನು ಬೇರ್ಪಡಿಸುತ್ತಿದ್ದರೆ ಇಟ್ಟುಕೊಳ್ಳಿ. ಮೂರೋ ನಾಲ್ಕೋ ಜನರನ್ನು ಉಳಿದೆಲ್ಲರಿಂದ ದೂರ ಎಳೆಯುತ್ತಿದ್ದರೆ ಅದು ಬಹುಪಾಲು ಅಡಗಿ ಉಳಿದ ಕುಟುಂಬ, ಅದನ್ನು ಬಿಡಿ. ಅಕ್ಷಗಳು ಕಡಿಮೆಯಾದರೆ ಹಳೆಯ ಪದರ ಉಳಿದು ಬಂಧುತ್ವ ಉಬ್ಬುತ್ತದೆ; ಹೆಚ್ಚಾದರೆ ನಿಜವಾದ ನಂಟನ್ನೇ ಅಕ್ಷಗಳು ನುಂಗುತ್ತವೆ.

ಹಂತ 4: ವ್ಯಕ್ತಿಗೆ ತಕ್ಕ ನಿರೀಕ್ಷೆಯಿಂದ ಬಂಧುತ್ವ

2016ರ ಪಿಸಿ-ರಿಲೇಟ್ ವಿಧಾನ ಒಟ್ಟು ಸಮೂಹಕ್ಕೆ ಒಂದೇ ಆಲೀಲ್ ಪ್ರಮಾಣವನ್ನು ಹೊಂದಿಸುವುದಿಲ್ಲ. ಪಿಸಿಎ ಅಕ್ಷಗಳ ಮೇಲೆ ವ್ಯಕ್ತಿ ನಿಂತಿರುವ ಜಾಗವನ್ನು ಆಧರಿಸಿ ಪ್ರತಿಯೊಬ್ಬರಿಗೂ ಪ್ರತಿ ಮಾರ್ಕರ್‌ನಲ್ಲಿ ಬೇರೆ ಬೇರೆ ನಿರೀಕ್ಷೆಯನ್ನು ಲೆಕ್ಕ ಹಾಕುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ಸಮುದಾಯದವರ ನಿರೀಕ್ಷೆ 1 ಅಲ್ಲ, 1.2. ಆಗ ಅಪರಿಚಿತರ ವಿಚಲನೆಗಳು ಸರಾಸರಿಯಲ್ಲಿ ಪರಸ್ಪರ ಹೊಂದುವುದಿಲ್ಲ, ಬೆಲೆ ಸೊನ್ನೆಗೆ ಮರಳುತ್ತದೆ, ಒಡಹುಟ್ಟಿದವರು 0.25ಕ್ಕೂ, ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳು 0.0625ಕ್ಕೂ ಬಂದು ನಿಲ್ಲುತ್ತಾರೆ. ಸೋದರಮಾವನ ಮದುವೆಯ ಮಕ್ಕಳಿಗೂ ಇದು ನಿಜವಾದ 0.3125ರ ಹತ್ತಿರದ ಬೆಲೆಯನ್ನೇ ಕೊಡುತ್ತದೆ.

ಮಿಶ್ರ ಮೂಲದ ಸಮುದಾಯಗಳಲ್ಲಿ ಈ ವಿಧಾನದ ಉಪಯೋಗ ಎದ್ದುಕಾಣುತ್ತದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳನ್ನು ನೆನೆಯಿರಿ. ಅವರಲ್ಲಿ ಆಫ್ರಿಕದ ಮೂಲವೂ ಭಾರತದ ಮೂಲವೂ ಸೇರಿವೆ, ಮತ್ತು ಪಾಲು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಎರಡು ಮೂಲಗಳ ಆಲೀಲ್ ಪ್ರಮಾಣಗಳು ಬಹಳ ದೂರ ಇರುವುದರಿಂದ ಒಟ್ಟು ಸರಾಸರಿ ಬಳಸಿದರೆ, ಆಫ್ರಿಕದ ಪಾಲು ಹೆಚ್ಚಿರುವ ಯಾವ ಇಬ್ಬರಾದರೂ ಬಂಧುಗಳಂತೆ ತೋರುತ್ತಾರೆ. ಅಕ್ಷದ ಮೇಲಿನ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕೌಟುಂಬಿಕ ನಂಟು ಮಾತ್ರ ಉಳಿಯುತ್ತದೆ.

ಪಿಸಿ-ಏರ್ ಮತ್ತು ಪಿಸಿ-ರಿಲೇಟ್‌ಗಳನ್ನು ಎರಡು ಸುತ್ತು ನಡೆಸಿ. ಮೊದಲ ಸುತ್ತಿನಲ್ಲಿ ಸಂಬಂಧವಿಲ್ಲದವರ ಆಯ್ಕೆ ಕಿಂಗ್ ಬೆಲೆಗಳನ್ನು ನಂಬಿತ್ತು. ಎರಡನೆಯ ಸುತ್ತಿನಲ್ಲಿ ಪಿಸಿ-ರಿಲೇಟ್‌ನ ಉತ್ತಮ ಬೆಲೆಗಳನ್ನು ಬಳಸಿದರೆ ಆಯ್ಕೆ ಸುಧಾರಿಸುತ್ತದೆ. ಮೂರನೆಯ ಸುತ್ತಿನಿಂದ ಸಾಮಾನ್ಯವಾಗಿ ಹೆಚ್ಚಿನ ಪ್ರಯೋಜನವಿಲ್ಲ.

ಹಂತ 5: ಹಂಚಿಕೊಂಡ ತುಣುಕುಗಳ ಉದ್ದ

ಪಿಸಿ-ರಿಲೇಟ್ ಹಳೆಯ ಪದರವನ್ನು ಕಳೆದು ಹಾಕುತ್ತದೆ. ಆದರೆ ಆ ಪದರವೇ ನಿಮಗೆ ಬೇಕಾಗಿರಬಹುದು. 2017ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ, ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರವಾದ ಸಿಸಿಎಂಬಿಯ ವಿಜ್ಞಾನಿಗಳೂ ಭಾಗಿಯಾಗಿದ್ದ ಅಧ್ಯಯನವೊಂದು, ದಕ್ಷಿಣ ಏಷ್ಯಾದ 81 ಸಮುದಾಯಗಳಲ್ಲಿ ಕೆಲವೇ ಪೂರ್ವಜರಿಂದ ಹರಡಿದ ಪರಿಣಾಮ ಫಿನ್ಲೆಂಡಿನವರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ತೀವ್ರವಾಗಿದೆ ಎಂದು ತೋರಿಸಿತು. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ವೈಶ್ಯ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವದ ಕೊರತೆ ಹೆಚ್ಚಾಗಿ ಕಾಣುವುದು ಇದಕ್ಕೆ ಹೆಸರಾದ ಉದಾಹರಣೆ. ಕೊರತೆಯಿರುವವರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಕೆಯ ಔಷಧದ ಪ್ರಭಾವ ಬೇಗ ಇಳಿಯುವುದಿಲ್ಲ. ಇಂಥ ಕಡೆ ಹತ್ತಿರದ ನಂಟಿಲ್ಲದೆ ಮದುವೆಯಾದ ದಂಪತಿಯ ಮಗುವಿಗೂ ಒಂದೇ ದೋಷದ ಎರಡು ಪ್ರತಿ ಸಿಗುವ ಸಾಧ್ಯತೆಯಿದೆ.

ಎರಡು ಪದರಗಳನ್ನು ಒಟ್ಟಿಗೇ ನೋಡಬೇಕಾದರೆ ಇಬ್ಬರೂ ಹಂಚಿಕೊಂಡ ಅಖಂಡ ತುಣುಕುಗಳನ್ನು ಹುಡುಕಬೇಕು. ಹ್ಯಾಪ್-ಐಬಿಡಿ, ಐಬಿಸ್ ಮುಂತಾದ ತಂತ್ರಾಂಶಗಳು ಇದಕ್ಕಿವೆ. ತುಣುಕಿನ ಉದ್ದವೇ ಇಲ್ಲಿ ಕಾಲಮಾಪಕ. ಸಮಾನ ಪೂರ್ವಜ ಎರಡು ತಲೆಮಾರು ಹಿಂದಿದ್ದರೆ ಇಬ್ಬರ ನಡುವೆ ನಾಲ್ಕು ಸಂತಾನ ಕೊಂಡಿಗಳು, ತುಣುಕಿನ ಸರಾಸರಿ ಉದ್ದ ನೂರನ್ನು ನಾಲ್ಕರಿಂದ ಭಾಗಿಸಿದಷ್ಟು, ಅಂದರೆ 25 ಸೆಂಟಿಮಾರ್ಗನ್ (ತಲೆಮಾರು ದಾಟುವಾಗ ಡಿಎನ್‌ಎ ತುಂಡಾಗಿ ಬೆರೆಯುವ ಸಾಧ್ಯತೆಯಿಂದ ಅಳೆಯುವ ಉದ್ದದ ಮಾನ). ಐವತ್ತು ತಲೆಮಾರು ಹಿಂದಿದ್ದರೆ ಸರಾಸರಿ 1 ಸೆಂಟಿಮಾರ್ಗನ್ ಮಾತ್ರ. ಹಾಗಾಗಿ ಒಟ್ಟು ಮೊತ್ತವನ್ನು ಮಾತ್ರ ನೋಡಬೇಡಿ. ಅಣ್ಣತಮ್ಮಂದಿರ ಮಕ್ಕಳು ಸರಾಸರಿ 850 ಸೆಂಟಿಮಾರ್ಗನ್‌ನಷ್ಟು ಹಂಚಿಕೊಳ್ಳುತ್ತಾರೆ, ಅದು ಕೆಲವೇ ಉದ್ದ ತುಣುಕುಗಳಲ್ಲಿ ಬರುತ್ತದೆ. ಒಳಮದುವೆಯ ಸಮುದಾಯದ ಅಪರಿಚಿತರಲ್ಲಿ ಗಿಡ್ಡ ತುಣುಕುಗಳು ಬಹಳಷ್ಟು ಸೇರಿ ಮೊತ್ತವನ್ನು ಏರಿಸುತ್ತವೆ. ವಿದೇಶದ ವಂಶಾವಳಿ ಪರೀಕ್ಷೆ ಮಾಡಿಸಿಕೊಂಡ ನಮ್ಮವರಿಗೆ ನೂರಾರು ದೂರದ ಸಂಬಂಧಿಕರ ಪಟ್ಟಿ ಬರುವುದಕ್ಕೆ ಹಿನ್ನೆಲೆ ಇದೇ. ಇತ್ತೀಚಿನ ನಂಟು ಬೇಕಿದ್ದರೆ ಗಿಡ್ಡ ತುಣುಕುಗಳನ್ನು ಬಿಟ್ಟು, ಮಿತಿಯನ್ನು 5ರಿಂದ 10 ಸೆಂಟಿಮಾರ್ಗನ್‌ಗೆ ಏರಿಸಿ, ಫಲಿತಾಂಶ ಎಷ್ಟು ಬದಲಾಗುತ್ತದೆ ಎಂದು ಗಮನಿಸಿ.

ಅಣ್ಣತಮ್ಮಂದಿರು ಬೇರೊಂದು ಮನೆಯ ಅಕ್ಕತಂಗಿಯರನ್ನು ಮದುವೆಯಾದ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಒಂದು ದಂಪತಿಯ ಮಗು ಮತ್ತು ಇನ್ನೊಂದು ದಂಪತಿಯ ಮಗು ಎರಡೂ ಕಡೆಯಿಂದ ಸಂಬಂಧಿಕರಾದ್ದರಿಂದ ಅವರ ಬಂಧುತ್ವ 0.125, ಮಲಸಹೋದರರಷ್ಟೇ. ಗುಣಾಂಕ ಒಂದರಿಂದ ಇವರನ್ನು ಬೇರ್ಪಡಿಸಲಾಗದು. ಆದರೆ ಎರಡೂ ಪ್ರತಿಗಳನ್ನು ಒಟ್ಟಿಗೆ ಹಂಚಿಕೊಂಡ ಪಾಲು ಮಲಸಹೋದರರಲ್ಲಿ ಸೊನ್ನೆ, ಇವರಲ್ಲಿ ಹದಿನಾರರಲ್ಲಿ ಒಂದು. ಪಿಸಿ-ರಿಲೇಟ್ ಈ ಪಾಲನ್ನೂ ಅಂದಾಜಿಸಿ ಕೊಡುತ್ತದೆ.

ಹಂತ 6: ತಾಳೆ ನೋಡುವುದು ಮತ್ತು ಬಳಸುವುದು

ಗೊತ್ತಿರುವ ತಂದೆ–ತಾಯಿ–ಮಗುವಿನ ಮೂವರ ಗುಂಪುಗಳು ಮಾದರಿಯಲ್ಲಿದ್ದರೆ ಅವುಗಳ ಬೆಲೆ ನಿರೀಕ್ಷೆಗೆ ಹೊಂದುತ್ತದೆಯೇ ನೋಡಿ. ಪ್ರತಿ ಸಮುದಾಯದೊಳಗಿನ ಎಲ್ಲ ಜೋಡಿಗಳ ಮಧ್ಯಕವನ್ನೂ ಲೆಕ್ಕ ಹಾಕಿ. ಒಂದು ಸಮುದಾಯದಲ್ಲಿ ಅದು ಸೊನ್ನೆಯಿಂದ ಗಮನಾರ್ಹವಾಗಿ ಮೇಲಿದ್ದರೆ ಆ ಸಮುದಾಯದ ರಚನೆಯನ್ನು ಅಕ್ಷಗಳು ಇನ್ನೂ ಹಿಡಿದಿಲ್ಲ ಎಂದರ್ಥ. ಐದೋ ಆರೋ ಜನರಿರುವ ಸಮುದಾಯದಲ್ಲಿ ಇದು ಸಾಧಾರಣವಾಗಿ ಕಾಣುತ್ತದೆ, ಮತ್ತು ಅಲ್ಲಿ ಇನ್ನಷ್ಟು ಮಾದರಿ ಸಂಗ್ರಹಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಈ ಕೆಲಸದಲ್ಲಿ ಕುಟುಂಬದವರಿಗೇ ತಿಳಿಯದ ಸಂಗತಿಗಳು, ಮುಖ್ಯವಾಗಿ ದಾಖಲಾದ ತಂದೆ ಜೈವಿಕ ತಂದೆಯಲ್ಲ ಎಂಬಂಥವು, ಹೊರಬರುತ್ತವೆ. ಅವುಗಳನ್ನು ಯಾರು ನೋಡಬಹುದು, ಹೇಗೆ ದಾಖಲಿಸಬೇಕು ಎಂಬುದನ್ನು ನೀತಿ ಸಮಿತಿಯ ಒಪ್ಪಿಗೆಯ ಹಂತದಲ್ಲೇ ಬರೆದಿಟ್ಟಿರಬೇಕು. ಹಂಚಿಕೊಳ್ಳುವ ಕಡತಗಳಲ್ಲಿ ಜೋಡಿಗಳ ಪಟ್ಟಿ ಇರಬಾರದು.

ಮುಂದಿನ ವಿಶ್ಲೇಷಣೆಗೆ ಸಂಬಂಧಿಕರನ್ನು ತೆಗೆದುಹಾಕುವುದು ಒಂದು ದಾರಿ. ಹಾಗೆ ಮಾಡುವಾಗ ಪ್ರತಿ ಜೋಡಿಯಿಂದ ಯಾರನ್ನೋ ಒಬ್ಬರನ್ನು ಅಳಿಸುತ್ತ ಹೋಗದೆ, ಹೆಚ್ಚು ಜನರೊಂದಿಗೆ ನಂಟಿರುವವರನ್ನು ಮೊದಲು ತೆಗೆಯಿರಿ, ರೋಗವಿರುವವರನ್ನು ಆದಷ್ಟು ಉಳಿಸಿಕೊಳ್ಳಿ. ನಮ್ಮ ಬಗೆಯ ದತ್ತಾಂಶದಲ್ಲಿ ಈ ದಾರಿ ಮಾದರಿಯ ದೊಡ್ಡ ಪಾಲನ್ನೇ ಕಬಳಿಸುವುದರಿಂದ, ಸಂಬಂಧಿಕರನ್ನು ಉಳಿಸಿಕೊಂಡೇ ಅವರ ನಂಟನ್ನು ಲೆಕ್ಕಕ್ಕೆ ಸೇರಿಸುವ ಮಿಶ್ರ ಪರಿಣಾಮ ಮಾದರಿಯನ್ನು (ಮಿಕ್ಸೆಡ್ ಮಾಡೆಲ್) ಬಳಸುವುದು ಮೇಲು ಎಂಬುದು ನನ್ನ ಅಭಿಪ್ರಾಯ: ಪಿಸಿ-ಏರ್ ಅಕ್ಷಗಳನ್ನು ಸ್ಥಿರ ಪರಿಣಾಮಗಳಾಗಿಯೂ ಪಿಸಿ-ರಿಲೇಟ್ ಕೋಷ್ಟಕವನ್ನು ಯಾದೃಚ್ಛಿಕ ಪರಿಣಾಮದ ಆಧಾರವಾಗಿಯೂ ಕೊಟ್ಟರೆ ಯಾರನ್ನೂ ಕಳೆದುಕೊಳ್ಳಬೇಕಾಗಿಲ್ಲ. ಲೇಖನದಲ್ಲಿ ಫಲಿತಾಂಶ ಬರೆಯುವಾಗ ಬಳಸಿದ ಅಳತೆಪಟ್ಟಿ, ಆಧಾರ ಸಮೂಹ, ಅಕ್ಷಗಳ ಸಂಖ್ಯೆ, ಮಾರ್ಕರ್‌ಗಳ ಸಂಖ್ಯೆ ಮತ್ತು ತುಣುಕಿನ ಕನಿಷ್ಠ ಉದ್ದ ಈ ಐದನ್ನೂ ನಮೂದಿಸಿ. ಇವುಗಳಲ್ಲಿ ಒಂದು ತಪ್ಪಿದರೂ ಬೇರೆಯವರು ನಿಮ್ಮ 0.06ನ್ನು ತಮ್ಮ 0.06ರೊಂದಿಗೆ ಹೋಲಿಸಲಾರರು.